ಜವೆಗೋಧಿಯೂ ಗೋಧಿಯೇ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲದ ಆಹಾರದ ಕುರಿತು ಇಡೀ ಪುಟದ ಲೇಖನವೊಂದು ಪ್ರಕಟವಾಗಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆ ಇಷ್ಟು ಜಾಗ ಕೊಟ್ಟಿತಲ್ಲ ಎಂಬ ಸಂತೋಷದಿಂದಲೇ ಓದಲು ಕುಳಿತೆ; ಧಾನ್ಯಗಳ ಪಟ್ಟಿಗೆ ಬಂದಾಗ ಎದೆ ಧಸಕ್ಕೆಂದಿತು. ಗ್ಲುಟೆನ್ ಇಲ್ಲದವು ಎಂದು ರಾಗಿ, ಜೋಳ, ಸಜ್ಜೆ, ನವಣೆಗಳನ್ನು ಹೆಸರಿಸಿ, ಅದೇ ಸಾಲಿನ ಕೊನೆಗೆ ಜವೆಗೋಧಿಯನ್ನೂ ಸೇರಿಸಲಾಗಿದೆ. ಸಾಲದ್ದಕ್ಕೆ, ಗೋಧಿ ಒಗ್ಗದವರಿಗೆಂದು ಜವೆಗೋಧಿ ರವೆಯ ಉಪ್ಪಿಟ್ಟು ಮಾಡುವ ಬಗೆಯನ್ನೂ ಚಿತ್ರಸಹಿತ ಅಚ್ಚು ಹಾಕಲಾಗಿದೆ. ಗ್ಲುಟೆನ್ ತಿಂದರೆ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಎಂಬ ಕಾಯಿಲೆಯಿರುವ ಮೊಮ್ಮಗಳಿಗೆ ಮೂರು ವರ್ಷದಿಂದ ಅಡುಗೆ ಮಾಡಿ ಬಡಿಸುತ್ತಿರುವ ನನಗೆ ಈ ಪತ್ರ ಬರೆಯದೆ ಸುಮ್ಮನಿರಲು ಆಗಲಿಲ್ಲ.

ಜವೆಗೋಧಿ ನಮ್ಮ ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಯ ಹಳೆಯ ಬೆಳೆ. ಮರಾಠಿಯವರು ಅದನ್ನು ಖಪಲಿ ಎನ್ನುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನೂ ಕೊಟ್ಟಿದೆ. ಹುಗ್ಗಿಗೆ, ಶಾವಿಗೆಗೆ, ಮಾದಲಿಗೆ ಅದರ ರುಚಿಯೇ ಬೇರೆ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಸಕ್ಕರೆ ಕಾಯಿಲೆಯವರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುವುದೂ ಉಂಟು. ಅದೆಲ್ಲ ಇರಲಿ, ಅದು ಗೋಧಿಯ ಕುಲದ ಧಾನ್ಯ, ಅದರಲ್ಲಿ ಗ್ಲುಟೆನ್ ಇದೆ, ಸೀಲಿಯಾಕ್ ಇರುವವರ ಕರುಳಿಗೆ ಅದು ಮಾಮೂಲಿ ಗೋಧಿಯಷ್ಟೇ ಹಗೆ. ನಾಟಿ, ಜವಾರಿ, ಹಿರಿಯರ ಕಾಲದ್ದು ಎಂಬ ಮಾತುಗಳಿಗೆ ನಾವು ಮರುಳಾಗಬಹುದು, ಕರುಳು ಆಗುವುದಿಲ್ಲ. ಬಾರ್ಲಿಯ ಮಾತೂ ಇಷ್ಟೇ. ಬಾಣಂತಿಯರಿಗೂ ಜ್ವರದಿಂದ ಎದ್ದವರಿಗೂ ಬಾರ್ಲಿ ಗಂಜಿ ಕುಡಿಸುವ ರೂಢಿ ನಮ್ಮಲ್ಲಿ ಇರುವುದರಿಂದ, ಅದೊಂದು ಹಗುರ ಆಹಾರ, ಯಾರಿಗೂ ಒಗ್ಗುತ್ತದೆ ಎಂಬ ನಂಬಿಕೆ ಬೇರೂರಿದೆ. ಗೋಧಿ, ಬಾರ್ಲಿ, ರೈ ಈ ಮೂರೂ ಸೀಲಿಯಾಕ್‌ನವರಿಗೆ ವರ್ಜ್ಯ.

ಈ ಕಾಯಿಲೆ ನಮ್ಮ ಮನೆಗೆ ಹೇಗೆ ಬಂತೆಂಬುದನ್ನು ಸ್ವಲ್ಪ ಹೇಳಬೇಕು. ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ನಾಲ್ಕರಿಂದ ಆರು ವರ್ಷದವರೆಗೆ ಅವಳು ಬೆಳೆಯಲೇ ಇಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ ಹಾಗೆ, ವಾರಕ್ಕೆ ಮೂರು ದಿನ ಭೇದಿ, ಮುಖ ಬಿಳಿಚಿ ಸುಣ್ಣ. ಜಂತುಹುಳುವಿನ ಔಷಧಿ ಆಯಿತು, ದೃಷ್ಟಿ ತೆಗೆದದ್ದಾಯಿತು, ಕಬ್ಬಿಣಾಂಶದ ಸಿರಪ್ ಬಾಟಲಿಯ ಮೇಲೆ ಬಾಟಲಿ ಖಾಲಿಯಾಯಿತು. ಹಿಮೋಗ್ಲೋಬಿನ್ ಏಳೂವರೆಯ ಮೇಲೆ ಏರಲಿಲ್ಲ. ಕೊನೆಗೊಬ್ಬ ಮಕ್ಕಳ ವೈದ್ಯೆ, ಸಿರಪ್ ಕೊಟ್ಟರೂ ರಕ್ತ ಏರುತ್ತಿಲ್ಲವೆಂದರೆ ಅದು ಮೈಗೆ ಸೇರುತ್ತಲೇ ಇಲ್ಲವೆಂದು ಅರ್ಥ ಎಂದು ಹೇಳಿ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಪರೀಕ್ಷಿಸಿದರು. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತು ಆಹಾರದ ಸಾರ ಹೀರುವ ವಿಲ್ಲೈಗಳು ಸವೆದು ಸಪಾಟಾಗಿದ್ದವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಪ್ಪುಹಲಗೆಯ ಮೇಲೆ ಇದೇ ವಿಲ್ಲೈಗಳ ಚಿತ್ರ ಬರೆದು ಮಕ್ಕಳಿಂದ ಭಾಗ ಗುರುತು ಮಾಡಿಸಿದವಳು ನಾನು. ಮನೆಯ ಮಗುವಿನಲ್ಲಿ ಅವು ನಶಿಸುತ್ತಿದ್ದುದು ನನಗೆ ಹೊಳೆಯಲಿಲ್ಲ.

ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಭಾರತದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಕಾಯಿಲೆ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗಿದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗಿದೆ. ಅಕ್ಕಿ, ರಾಗಿ, ಜೋಳ ಉಣ್ಣುವ ಸೀಮೆಯಲ್ಲಿ ಇದನ್ನು ಯಾರೂ ಮೊದಲು ಅನುಮಾನಿಸುವುದಿಲ್ಲ. ಆದರೆ ನಮ್ಮ ತಟ್ಟೆ ಈಗ ಹಿಂದಿನದಲ್ಲ. ರಾತ್ರಿಗೆ ಚಪಾತಿ, ಡಬ್ಬಿಗೆ ಬ್ರೆಡ್ಡು, ಸಂಜೆಗೆ ಬಿಸ್ಕತ್ತು ಅಥವಾ ನೂಡಲ್ಸ್ ಎಂದು ದಿನಕ್ಕೆ ಮೂರು ಸಲ ಗೋಧಿ ತಿನ್ನುವ ಮಕ್ಕಳು ದಾವಣಗೆರೆಯಲ್ಲೂ ಮನೆಗೊಬ್ಬರು ಸಿಗುತ್ತಾರೆ.

ಇಲ್ಲಿ ನಿಮ್ಮ ಲೇಖನದ ಇನ್ನೊಂದು ಸಲಹೆಗೂ ತಕರಾರು ಎತ್ತಲೇಬೇಕಾಗಿದೆ. ಹೊಟ್ಟೆಯುಬ್ಬರ, ಸುಸ್ತು ಇದ್ದವರು ಒಂದು ತಿಂಗಳು ಗೋಧಿ ಬಿಟ್ಟು ನೋಡಿ, ಗುಣ ಕಂಡರೆ ಆಮೇಲೆ ವೈದ್ಯರ ಬಳಿ ಹೋಗಿ ಎಂದು ಅದು ಹೇಳುತ್ತದೆ. ಕ್ರಮ ತಿರುಗುಮುರುಗಾಗಿದೆ. ಸೀಲಿಯಾಕ್ ಪತ್ತೆಯ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ಎದುರಾಗಿ ದೇಹ ಹುಟ್ಟಿಸಿಕೊಂಡ ಪ್ರತಿಕಾಯಗಳನ್ನು. ಗೋಧಿ ಬಿಟ್ಟ ಮೇಲೆ ಅವು ಇಳಿಯುತ್ತಾ ಹೋಗುತ್ತವೆ, ಕರುಳೂ ಚೇತರಿಸಿಕೊಳ್ಳತೊಡಗುತ್ತದೆ, ಆಗ ಕಾಯಿಲೆ ಇದ್ದರೂ ಇಲ್ಲವೆಂಬ ವರದಿ ಬರಬಹುದು. ಮತ್ತೆ ಪರೀಕ್ಷೆಗಾಗಿ ವಾರಗಟ್ಟಲೆ ಗೋಧಿ ತಿನ್ನಿ ಎನ್ನುವ ಪರಿಸ್ಥಿತಿ ಬಂದರೆ ಆ ಹಿಂಸೆ ಬೇರೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಒಬ್ಬರಿಗೆ ಕಾಯಿಲೆ ಇದೆಯೆಂದು ತಿಳಿದರೆ ತಂದೆ, ತಾಯಿ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪಥ್ಯ ಶುರುವಾದ ಮೇಲೆ ನಾವು ಮಾಡಿದ ತಪ್ಪೇ ಈ ಪತ್ರದ ಮುಖ್ಯ ವಿಷಯ. ಡಬ್ಬಿಗಳಿಂದ ಗೋಧಿ, ಮೈದಾ, ರವೆ, ಶಾವಿಗೆಗಳನ್ನೆಲ್ಲ ತೆಗೆದು ಕೆಲಸದವಳ ಮನೆಗೆ ಕೊಟ್ಟುಬಿಟ್ಟೆವು. ಕೆಲವೇ ವಾರಗಳಲ್ಲಿ ಭೇದಿ ನಿಂತಿತು, ಮಗು ನಕ್ಕು ಆಡತೊಡಗಿತು, ತೂಕವೂ ಏರಿತು. ಗೆದ್ದೆವೆಂದುಕೊಂಡೆವು. ಎಂಟು ತಿಂಗಳ ನಂತರ ನೋಡಿದರೆ ಕಬ್ಬಿಣಾಂಶ ಇನ್ನೂ ಕೆಳಗೇ ಇತ್ತು, ಮೂಳೆಗಳಿಗೆ ಬೇಕಾದ ಡಿ ಜೀವಸತ್ವ ಕಡಿಮೆಯಿತ್ತು, ಭೇದಿಯ ಜಾಗಕ್ಕೆ ಮಲಬದ್ಧತೆ ಬಂದಿತ್ತು. ಆಹಾರತಜ್ಞೆಯೊಬ್ಬರು ಮೂರು ದಿನ ಮಗು ತಿಂದದ್ದನ್ನೆಲ್ಲ ಬರೆದು ತರಲು ಹೇಳಿದರು. ಬರೆದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ಸಂಜೆ ಮಂಡಕ್ಕಿ, ರಾತ್ರಿ ಮೊಸರನ್ನ. ಮರುದಿನ ದೋಸೆ, ಅನ್ನ, ಸಾಬಕ್ಕಿ ಹಪ್ಪಳ, ಚಿತ್ರಾನ್ನ. ಮೂರನೆಯ ದಿನ ಅವಲಕ್ಕಿ, ಅನ್ನ, ಅಂಗಡಿಯಿಂದ ತಂದ ಗ್ಲುಟೆನ್ ಇಲ್ಲದ ಬಿಸ್ಕತ್ತು, ಮತ್ತೆ ಅನ್ನ. ಅವರು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ, “ಅಮ್ಮಾ, ಇದರಲ್ಲಿ ಅಕ್ಕಿ ಎಷ್ಟು ಸಲ ಬಂದಿದೆ ಎಣಿಸಿ” ಎಂದರು. ಎಣಿಸಬೇಕಾಗಿರಲಿಲ್ಲ.

ಗೋಧಿಯ ಜೊತೆಗೆ ಹೋದದ್ದು ಗ್ಲುಟೆನ್ ಒಂದೇ ಅಲ್ಲವೆಂದು ಆಗ ಅರ್ಥವಾಯಿತು. ಇಡೀ ಗೋಧಿಯ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಮಿನ ಒಳಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ನೋಡಿದರೆ ರಾಗಿ, ಜೋಳ, ಸಜ್ಜೆ ಮೂರರಲ್ಲೂ ನಾರು 10 ಗ್ರಾಮಿನ ಮೇಲೆಯೇ ಇದೆ. ಕ್ಯಾಲ್ಸಿಯಂ ಅಕ್ಕಿಯಲ್ಲಿ 10 ಮಿಲಿಗ್ರಾಮಿಗೂ ಕಡಿಮೆಯಿದ್ದರೆ ರಾಗಿಯಲ್ಲಿ 350 ಮಿಲಿಗ್ರಾಂ ದಾಟುತ್ತದೆ. ಕಬ್ಬಿಣಾಂಶದಲ್ಲಿ ಜೋಳವೂ ರಾಗಿಯೂ ಬಿಳಿ ಅಕ್ಕಿಗಿಂತ ಹಲವು ಪಟ್ಟು ಮುಂದೆ, ಸಜ್ಜೆ ಅವಕ್ಕಿಂತಲೂ ಮುಂದೆ. ಸಾಬಕ್ಕಿಯನ್ನು ಉಪವಾಸದ ದಿನ ನಾವು ಎಷ್ಟೇ ಗೌರವಿಸಿದರೂ ಅದು ಬಹುಪಾಲು ಬರೀ ಪಿಷ್ಟ. ಪೊಟ್ಟಣದಲ್ಲಿ ಬರುವ ಗ್ಲುಟೆನ್ ಇಲ್ಲದ ಬ್ರೆಡ್ಡು, ಬಿಸ್ಕತ್ತುಗಳೂ ಹೆಚ್ಚಿನವು ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ, ಬಿಳಿ ಅಕ್ಕಿಹಿಟ್ಟು, ಸಕ್ಕರೆ, ಎಣ್ಣೆಗಳ ಮಿಶ್ರಣ. ಹಣ ಮಾತ್ರ ಮಾಮೂಲಿಯದರ ಎರಡು ಮೂರು ಪಟ್ಟು. ಮಗುವಿನ ಕರುಳಿಗೆ ಅವು ಕೇಡು ಮಾಡುವುದಿಲ್ಲ ನಿಜ, ಮೈಗೆ ಮಾಡುವ ಉಪಕಾರವೂ ಅಷ್ಟಕ್ಕಷ್ಟೆ.

ಹಾಗೆಂದು ರಾಗಿಯನ್ನು ಹಾಡಿಹೊಗಳಿ ಮುಗಿಸುವಂತೆಯೂ ಇಲ್ಲ. ಅದರಲ್ಲಿ ಪ್ರೋಟೀನ್ 7 ಗ್ರಾಮಿನ ಆಸುಪಾಸು, ಗೋಧಿಗಿಂತ ಕಡಿಮೆ. ಕಬ್ಬಿಣಾಂಶ ಹೀರದಂತೆ ತಡೆಯುವ ಅಂಶಗಳೂ ಅದರಲ್ಲಿವೆ. ನೆನೆಹಾಕಿ ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ ಹಿಟ್ಟಿನಲ್ಲಿ, ಇಲ್ಲವೇ ರಾತ್ರಿಯಿಡೀ ಹುಳಿಬರಿಸಿದ ಅಂಬಲಿಯಲ್ಲಿ ಈ ತಡೆ ಕಡಿಮೆಯಾಗುತ್ತದೆ. ಮುದ್ದೆಯ ಜೊತೆಗೆ ಹುರುಳಿ ಸಾರೋ ಬಸ್ಸಾರೋ ಇರುವುದು ರುಚಿಗಷ್ಟೇ ಅಲ್ಲ. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಪ್ರೋಟೀನ್ ಇದ್ದು ಮುದ್ದೆಯ ಕೊರತೆಯನ್ನು ಅದು ತುಂಬುತ್ತದೆ, ಬಸ್ಸಾರಿನ ಸೊಪ್ಪು ಫೋಲೇಟ್ ಎಂಬ ಜೀವಸತ್ವ ಕೊಡುತ್ತದೆ, ಮೇಲೆ ಹಿಂಡಿದ ನಿಂಬೆಹಣ್ಣು ಕಬ್ಬಿಣಾಂಶ ಮೈಗೂಡಲು ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಈ ಕಬ್ಬಿಣಾಂಶ ಅರ್ಧಂಬರ್ಧ ವ್ಯರ್ಥ. ಮಗುವಿಗೆ ಚಹಾ ಕೊಡದಿದ್ದರೂ ನಮ್ಮ ಮನೆಯ ದೊಡ್ಡವರಿಗಾಗಿ ಈ ಮಾತು ಬರೆದಿದ್ದೇನೆ.

ಜೋಳದ ರೊಟ್ಟಿಯ ಊಟ ಇನ್ನೂ ಸೊಗಸು. ರೊಟ್ಟಿ, ಹೆಸರುಕಾಳಿನ ಪಲ್ಯ, ಜೋಳದ ನುಚ್ಚು ಹಾಕಿದ ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಅಗಸೆಯದೋ ಗುರೆಳ್ಳಿನದೋ ಇನ್ನೊಂದು ಪುಡಿ, ಗಟ್ಟಿ ಮೊಸರು, ಹಸಿ ಮೆಂತ್ಯಸೊಪ್ಪು, ಒಂದು ಮೂಲಂಗಿ ಇಷ್ಟು ತಟ್ಟೆಯಲ್ಲಿದ್ದರೆ ಪ್ರೋಟೀನ್, ನಾರು, ಒಳ್ಳೆಯ ಕೊಬ್ಬು, ಕ್ಯಾಲ್ಸಿಯಂ ಯಾವುದಕ್ಕೂ ಪೊಟ್ಟಣ ಒಡೆಯಬೇಕಿಲ್ಲ. ಗ್ಲುಟೆನ್ ಇಲ್ಲದ ಹಿಟ್ಟು ಹರಿದುಹೋಗುತ್ತದೆ, ಜಿಗಿ ಬರುವುದಿಲ್ಲ ಎಂದು ಕಂಪನಿಗಳು ಅದಕ್ಕೆ ಅಂಟು ಬೆರೆಸುತ್ತವೆ. ನಮ್ಮ ಅತ್ತೆಯವರು ಅದಕ್ಕೆ ಕುದಿಯುವ ಎಸರು ಹಾಕುತ್ತಿದ್ದರು. ಬಿಸಿನೀರಿಗೆ ಜೋಳದ ಪಿಷ್ಟ ಬೆಂದು ಅಂಟಾಗುತ್ತದೆ, ಚೆನ್ನಾಗಿ ನಾದಿದ ಹಿಟ್ಟು ಅಂಗೈಯ ಬಡಿತಕ್ಕೆ ಚಂದ್ರನಂತೆ ಅಗಲವಾಗುತ್ತದೆ. ಈಗಿನವರು ಬಡಿಯಲು ಬಾರದೆ ಲಟ್ಟಣಿಗೆ ಹಿಡಿಯುತ್ತಾರೆ, ಹರಿಯದಿರಲೆಂದು ಹಿಡಿ ಗೋಧಿಹಿಟ್ಟು ಬೆರೆಸುತ್ತಾರೆ. ಹೊರಗಿನ ರೊಟ್ಟಿಯನ್ನು ಕೇಳದೆ ಮಗುವಿಗೆ ಕೊಡಬಾರದೆಂಬುದನ್ನು ನಾವು ಒಂದು ಖಾನಾವಳಿಯಲ್ಲಿ ಊಟ ಮಾಡಿದ ರಾತ್ರಿಯೇ ಕಲಿತೆವು.

ನಮ್ಮದು ಸಸ್ಯಾಹಾರಿ ಮನೆ. ಮೊದಲ ಕೆಲವು ತಿಂಗಳು ಹಾಲು ಮಗುವಿಗೆ ಒಗ್ಗಲಿಲ್ಲ, ಏಕೆಂದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ತಯಾರಾಗುವುದು ಆ ಸವೆದ ವಿಲ್ಲೈಗಳಲ್ಲೇ. ಮೊಸರು ಮಜ್ಜಿಗೆಯಿಂದ ಶುರುಮಾಡಿ ಆಮೇಲೆ ಹಾಲಿಗೆ ಬಂದೆವು. ಬಿ12, ಡಿ ಜೀವಸತ್ವಗಳಿಗೆ ವೈದ್ಯರು ಕೊಟ್ಟ ಔಷಧಿಯನ್ನು, ಎಲ್ಲ ಅಡುಗೆಮನೆಯಲ್ಲೇ ಸಿಗುತ್ತದೆ ಎಂಬ ಹಟ ಹಿಡಿಯದೆ, ತಪ್ಪದೆ ಕೊಟ್ಟೆವು.

ಇಷ್ಟಾದರೂ ರಕ್ತದಲ್ಲಿ ಪ್ರತಿಕಾಯಗಳು ಇಳಿಯಬೇಕಾದಷ್ಟು ಇಳಿಯಲಿಲ್ಲ. ಎಲ್ಲಿಂದಲೋ ಗ್ಲುಟೆನ್ ಒಳಗೆ ಬರುತ್ತಿತ್ತು. ಮಗ ಒಂದು ಭಾನುವಾರ ಅಡುಗೆಮನೆಯ ಕಪಾಟನ್ನೆಲ್ಲ ನೆಲಕ್ಕೆ ಇಳಿಸಿ ಒಂದೊಂದೇ ಡಬ್ಬಿಯ ಬರಹವನ್ನು ಭೂತಗನ್ನಡಿ ಹಿಡಿದು ಓದಿದ. ಕಳ್ಳ ಸಿಕ್ಕಿದ್ದು ಇಂಗಿನ ಡಬ್ಬಿಯಲ್ಲಿ. ಅಪ್ಪಟ ಇಂಗು ತೀರ ತೀಕ್ಷ್ಣವಾದ ಅಂಟುರಸ. ಅದನ್ನು ಗೋಧಿಹಿಟ್ಟಿನಲ್ಲೋ ಮೈದಾದಲ್ಲೋ ಅಕ್ಕಿಹಿಟ್ಟಿನಲ್ಲೋ ಗೋಂದು ಸೇರಿಸಿ ಬೆರೆಸಿ ಹದಮಾಡಿದ್ದನ್ನೇ ನಾವು ಅಂಗಡಿಯಲ್ಲಿ ಇಂಗು ಎಂದು ಕೊಳ್ಳುವುದು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎಂಬ ಗಾದೆಯ ನಾಡಿನಲ್ಲಿ, ಸಾರು, ಹುಳಿ, ಒಗ್ಗರಣೆ, ಉಪ್ಪಿನಕಾಯಿ, ಮಜ್ಜಿಗೆ ಎಲ್ಲದರಲ್ಲೂ ದಿನಾ ಚಿಟಿಕೆ ಚಿಟಿಕೆ ಗೋಧಿಯನ್ನು ಮಗುವಿಗೆ ನಾನೇ ಉಣ್ಣಿಸುತ್ತಿದ್ದೆ. ಈಗ ಅಕ್ಕಿಹಿಟ್ಟಿನಲ್ಲಿ ಮಾಡಿದ, ಹಾಗೆಂದು ಡಬ್ಬಿಯ ಮೇಲೆ ಬರೆದಿರುವ ಇಂಗನ್ನೇ ತರುತ್ತೇವೆ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ.

ಎರಡನೆಯ ದಾರಿ ಗಿರಣಿ. ನಮ್ಮ ಓಣಿಯ ಗಿರಣಿಯಲ್ಲಿ ಒಂದೇ ಕಲ್ಲು. ಹಿಂದಿನವರ ಗೋಧಿ ಮುಗಿಯುತ್ತಿದ್ದಂತೆ ನಮ್ಮ ಜೋಳ ಸುರಿಯುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಮಡಿಕೆಗಳಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಪಾಲಿಗೆ ಬರುತ್ತದೆ. ಇದನ್ನು ಹೇಳಿದಾಗ ಗಿರಣಿಯವರು ಮೊದಲು ನಕ್ಕರು, ಮಗುವಿನ ವಿಷಯ ತಿಳಿಸಿದ ಮೇಲೆ ನಗಲಿಲ್ಲ. ತಿಂಗಳಿಗೊಮ್ಮೆ ಗಿರಣಿ ತೊಳೆದು ಒರೆಸುವ ದಿನ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಮ್ಮನ್ನು ಕರೆಯುತ್ತಾರೆ. ಮೊದಲು ಒಂದು ಸೇರು ಅಕ್ಕಿನುಚ್ಚು ಹಾಕಿ ಬೀಸಿ, ಆ ಹಿಟ್ಟನ್ನು ದನಕ್ಕೆ ತೆಗೆದಿಟ್ಟು, ಆಮೇಲೆ ನಮ್ಮ ರಾಗಿ, ಜೋಳ ಬೀಸುತ್ತಾರೆ. ಬಟ್ಟೆಯ ಚೀಲವನ್ನು ನಾವೇ ಹೊಲಿಸಿ ಕೊಟ್ಟಿದ್ದೇವೆ. ಇದು ಪೂರ್ತಿ ನಿರ್ದೋಷವಲ್ಲ; ಅನುಕೂಲ ಇರುವವರು ಮನೆಗೇ ಚಿಕ್ಕ ಯಂತ್ರ ತರುವುದು ಮೇಲು. ಆದರೆ ಆರು ತಿಂಗಳ ನಂತರದ ವರದಿಯಲ್ಲಿ ಪ್ರತಿಕಾಯಗಳು ಇಳಿದಿದ್ದವು, ಹಿಮೋಗ್ಲೋಬಿನ್ ಹನ್ನೊಂದಕ್ಕೆ ಬಂದಿತ್ತು.

ಅಂಗಡಿಯ ಪೊಟ್ಟಣಗಳ ವಿಷಯದಲ್ಲಿ ಕಾನೂನು ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇಲ್ಲದಿದ್ದರೆ ಮಾತ್ರ ಅದನ್ನು ಗ್ಲುಟೆನ್ ಮುಕ್ತ ಎನ್ನಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅನುಮತಿಸುತ್ತದೆ. ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಅದನ್ನು ಪೊಟ್ಟಣದ ಮೇಲೆ ತಿಳಿಸಲೇಬೇಕು. ಗೊಂದಲ ಇರುವುದು ನಾವು ಓದುವ ರೀತಿಯಲ್ಲಿ. ಮುಂದೆ ದಪ್ಪಕ್ಷರದಲ್ಲಿ ರಾಗಿ ಬಿಸ್ಕತ್ತು ಎಂದಿರುತ್ತದೆ, ಹಿಂದೆ ಸಣ್ಣಕ್ಷರದಲ್ಲಿ ಮೊದಲ ಹೆಸರೇ ಮೈದಾ. ಮಲ್ಟಿಗ್ರೇನ್ ಎಂಬ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಗೋಧಿಯೇ. ಮಾಲ್ಟ್ ಎಂಬ ಒಂದೇ ಮಾತು ನಮ್ಮಲ್ಲಿ ಎರಡು ಅರ್ಥ ಪಡೆದಿದೆ: ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಮಗುವಿಗೆ ಅಮೃತ, ಡಬ್ಬಿಯ ಪೇಯದ ಪುಡಿಯಲ್ಲಿ ಬರೀ ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು. ಬೇಕರಿಯ ಬಿಡಿ ತಿಂಡಿಗಳ ಮೇಲಂತೂ ಓದಲು ಏನೂ ಇರುವುದಿಲ್ಲ.

ಮನೆಯ ಹೊರಗೆ ಕಷ್ಟವಾದದ್ದು ಕಾನೂನಿಗಿಂತ ಅಕ್ಕರೆಯೇ. ಯುಗಾದಿಯ ದಿನ ನೆಂಟರೊಬ್ಬರು, “ಪಾಪ, ಒಂದ್ ತುತ್ತು ಹೋಳಿಗಿ ತಿಂದ್ರ ಏನಾಕ್ಕತಿ?” ಎಂದು ಮಗುವಿನ ಬಾಯಿಯ ತನಕ ತಂದಿದ್ದರು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವೂ ಗೋಧಿ ರವೆಯದೇ. ಈಗ ಅವಳು ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಡುತ್ತಾಳೆ, ನಾನು ಅವಳ ಕೈಗೆ ಬಾಳೆಹಣ್ಣು ಕೊಡುತ್ತೇನೆ. ಹಬ್ಬಕ್ಕೆ ಹೂರಣವನ್ನು ಅಕ್ಕಿಹಿಟ್ಟಿನ ಕಡುಬಿಗೆ ತುಂಬುತ್ತೇನೆ. ಪಂಚಮಿಗೆ ಎಳ್ಳುಂಡೆ, ಶೇಂಗಾ ಉಂಡೆ, ಜೋಳದ ಅರಳು ಹೇಗೂ ಇವೆ.

ತೂಕ ಇಳಿಸಲೆಂದು, ಮುಖ ಕಾಂತಿಯುತವಾಗಲೆಂದು ಗೋಧಿ ಬಿಡುವವರಿಗೆ ನಿಮ್ಮ ಲೇಖನ ಅರ್ಧ ಪುಟ ಮೀಸಲಿಟ್ಟಿದೆ. ಕಾಯಿಲೆ ಇಲ್ಲದವರಿಗೆ ಈ ಪಥ್ಯದಿಂದ ವಿಶೇಷ ಲಾಭವಿಲ್ಲ. ಚಪಾತಿ ಬಿಟ್ಟು ಬಿಳಿ ಅನ್ನಕ್ಕೆ ಹೋದರೆ ಇದ್ದ ನಾರನ್ನೂ ಕಳೆದುಕೊಳ್ಳುತ್ತಾರೆ. ಮೈದಾ ಬಿಸ್ಕತ್ತು ಬಿಟ್ಟು ಹಣ್ಣು ತಿಂದು ಹಗುರಾದವರು ಆ ಕೀರ್ತಿಯನ್ನು ಗ್ಲುಟೆನ್‌ಗೆ ಕಟ್ಟುತ್ತಾರೆ. ಅವರ ಇಷ್ಟ. ಆದರೆ ಫ್ಯಾಷನ್ನಿನ ಪಥ್ಯಕ್ಕೂ ಚಿಕಿತ್ಸೆಯ ಪಥ್ಯಕ್ಕೂ ಒಂದೇ ಪಟ್ಟಿ ಕೊಟ್ಟಾಗ ಹೀಗೆ ಜವೆಗೋಧಿ ಒಳಗೆ ನುಸುಳುತ್ತದೆ. ಫ್ಯಾಷನ್ನಿನವರಿಗೆ ಒಂದು ಬಟ್ಟಲು ಉಪ್ಪಿಟ್ಟಿನಿಂದ ಏನೂ ಆಗುವುದಿಲ್ಲ. ಸೀಲಿಯಾಕ್‌ಗೆ ಔಷಧಿಯೆಂಬುದು ಈ ಪಥ್ಯ ಒಂದೇ, ಅದೂ ಜೀವನಪೂರ್ತಿ. ಅಂಥ ಮಗುವಿನ ಮನೆಯಲ್ಲಿ ನಿಮ್ಮ ಪುಟ ನೋಡಿ ವಾರಕ್ಕೆರಡು ಸಲ ಆ ಉಪ್ಪಿಟ್ಟು ಮಾಡಿದರೆ, ನಾವು ಇಂಗಿನ ಡಬ್ಬಿಯನ್ನು ಹುಡುಕಿದಷ್ಟು ದಿನ ಅವರೂ ಕಾರಣ ಹುಡುಕುತ್ತಿರುತ್ತಾರೆ.

ಪುರವಣಿಯ ಅಡುಗೆ ಪುಟವನ್ನು ಕತ್ತರಿಸಿ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿಕೊಳ್ಳುವ ಓದುಗರು ನಿಮಗೆ ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬಳು. ಆದ್ದರಿಂದ ಜವೆಗೋಧಿಯಲ್ಲಿ ಗ್ಲುಟೆನ್ ಇದೆ, ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು ಎಂಬ ಎರಡು ತಿದ್ದುಪಡಿಗಳನ್ನು ಒಳಪುಟದ ಮೂಲೆಯಲ್ಲಿ ಹಾಕದೆ, ಬರುವ ಭಾನುವಾರದ ಪುರವಣಿಯಲ್ಲಿ, ಉಪ್ಪಿಟ್ಟಿನ ಚಿತ್ರ ಇದ್ದ ಜಾಗದಲ್ಲೇ, ಅದೇ ಅಳತೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ವಿಶ್ವಾಸದಿಂದ,
ನಿವೃತ್ತ ವಿಜ್ಞಾನ ಶಿಕ್ಷಕಿ,
ದಾವಣಗೆರೆ